ಹಸಿರುಮನೆಯ ತುಂಡುಭೂಮಿಯೂ ಪೇಟೆಯವರ ಗಂಟೂ

ಕಳೆದ ತಿಂಗಳಲ್ಲಿ ಒಬ್ಬ ಸಭ್ಯ ಗೃಹಸ್ಥರು ನಮ್ಮ ಕಚೇರಿಗೆ ದಯಮಾಡಿಸಿದ್ದರು. ಬೆಂಗಳೂರಿನ ಕಡೆಯವರು, ಮಾತು ನಯವಾದದ್ದು, ಕೈಯಲ್ಲಿ ಬಣ್ಣದ ಪುಸ್ತಿಕೆ. ತಮ್ಮ ಯಜಮಾನರು ಗುಬ್ಬಿಯ ಕಡೆ ಒಂದೆಡೆಯಲ್ಲಿಯೂ ಕುಣಿಗಲಿನ ಕಡೆ ಒಂದೆಡೆಯಲ್ಲಿಯೂ ಜಮೀನನ್ನು ಕೊಂಡಿರುವರೆಂದೂ, ಅದನ್ನು ೫ ಗುಂಟೆಯ ತುಂಡುಗಳಾಗಿ ವಿಭಾಗಿಸಿ, ಮೇಲೆ ಹಸಿರುಮನೆಯನ್ನು ಕಟ್ಟಿಸಿ, ತುಂಡೊಂದಕ್ಕೆ ೮ ಲಕ್ಷ ರೂಪಾಯಿಯಂತೆ ಮಾರತಕ್ಕವರಾಗಿರುವರೆಂದೂ ವಿವರಿಸಿದರು. ಕೊಂಡವರು ಮಣ್ಣನ್ನು ಮುಟ್ಟಬೇಕಾದ ಪ್ರಮೇಯವೇ ಇಲ್ಲ. ನೆಡುವುದು, ಬೆಳೆಯುವುದು, ಕೊಯ್ಯುವುದು, ಮಾರುವುದು, ಎಲ್ಲವೂ ಕಂಪೆನಿಯ ಹೊಣೆ. ವರ್ಷಕ್ಕೆ ನೂರಕ್ಕೆ ೨೪ರಂತೆ ಗೊತ್ತಾದ ಮೊಬಲಗು ತಿಂಗಳು ತಿಂಗಳಿಗೆ ಬ್ಯಾಂಕಿನ ಖಾತೆಗೆ ಬಂದು ಬೀಳುತ್ತದೆ. ವ್ಯವಸಾಯದ ಆದಾಯವಾದ್ದರಿಂದ ಅದಕ್ಕೆ ವರಮಾನ ತೆರಿಗೆಯೂ ಇಲ್ಲವಂತೆ. ನಮ್ಮ ಪತ್ರಿಕೆಯ ಪೂರ್ಣ ಪುಟವನ್ನು ನಾಲ್ಕು ಭಾನುವಾರಗಳಿಗೆ ಹಿಡಿಯಲು ಅವರು ಸಿದ್ಧರಾಗಿದ್ದರು. ಹಣವನ್ನು ಮುಂಗಡವಾಗಿಯೇ ಕೊಡುವೆವೆಂದರು.

ಜಿಲ್ಲಾ ಪಟ್ಟಣದಲ್ಲಿ ಪತ್ರಿಕೆ ನಡೆಸತಕ್ಕವನಿಗೆ ನಾಲ್ಕು ಪೂರ್ಣ ಪುಟಗಳ ಜಾಹೀರಾತೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಗದದ ಅಂಗಡಿಯ ಬಾಕಿ ತೀರುತ್ತದೆ. ಅಚ್ಚುಕೂಟದವರ ಸಂಬಳ ತಿಂಗಳ ಮೊದಲ ದಿನವೇ ಕೈಸೇರುತ್ತದೆ. ಆದರೂ ನಾವು ಆ ಗೃಹಸ್ಥರಿಗೆ ಒಂದು ಚೀಟಿಯಲ್ಲಿ ಮೂರು ಪ್ರಶ್ನೆಗಳನ್ನು ಬರೆದುಕೊಟ್ಟು, ಉತ್ತರ ಬಂದ ಮೇಲೆ ಪುಟದ ಮಾತು ಎಂದು ಹೇಳಿ ಕಳುಹಿಸಿದೆವು. ಆ ಪ್ರಶ್ನೆಗಳು ಯಾವುವೆಂಬುದನ್ನು ಮುಂದೆ ಅರಿಕೆ ಮಾಡುತ್ತೇವೆ. ಅದಕ್ಕೆ ಮೊದಲು ಈ ವ್ಯಾಪಾರದ ಒಳಗುಟ್ಟನ್ನು ನಮ್ಮ ವಾಚಕರ ಮುಂದಿಡುವುದು ಕರ್ತವ್ಯವೆಂದು ತೋರಿದೆ. ಏಕೆಂದರೆ ಈ ಪುಸ್ತಿಕೆಗಳು ಹುಡುಕಿಕೊಂಡು ಬರುವುದು ನಮ್ಮ ವಾಚಕರನ್ನೇ: ವಿಶ್ರಾಂತರಾದ ಉಪಾಧ್ಯಾಯರು, ಗ್ರ್ಯಾಚುಯಿಟಿಯ ಹಣ ಕೈಗೆ ಬಂದ ಅಧಿಕಾರಿಗಳು, ಮಗಳ ಮದುವೆಗೆಂದು ಗಂಟು ಕಟ್ಟಿಟ್ಟಿರುವ ವರ್ತಕರು.

ಈ ವ್ಯಾಪಾರ ಈಚೆಗೆ ಬಲಿತದ್ದಕ್ಕೆ ಕಾರಣಗಳುಂಟು. ನಮ್ಮ ರಾಜ್ಯದ ಭೂಸುಧಾರಣಾ ಕಾಯಿದೆಯ ೭೯-ಎ ಮತ್ತು ೭೯-ಬಿ ಪ್ರಕರಣಗಳು, ಬೇಸಾಯಗಾರನಲ್ಲದವನು ಬೇಸಾಯದ ಜಮೀನನ್ನು ಕೊಳ್ಳದಂತೆ ಬಹುಕಾಲ ತಡೆದಿದ್ದವು. ೨೦೨೦ರ ತಿದ್ದುಪಡಿಯಿಂದ ಆ ತಡೆ ಹೋಯಿತು. ಅಂದಿನಿಂದ ಬೆಂಗಳೂರಿನ ಹಣಕ್ಕೆ ನೆಲಮಂಗಲ ದಾಟಿದ ಮೇಲಿನ ಹೊಲಗಳೆಲ್ಲ ತೆರೆದ ಬಾಗಿಲು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ೨೦೨೩ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದದ್ದು, ತುಮಕೂರಿನ ಬಳಿ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆದದ್ದು, ಕುಣಿಗಲ್ಲು ಮಂಗಳೂರು ಹೆದ್ದಾರಿಯ ಮೇಲಿರುವುದು, ಇವೆಲ್ಲ ಸೇರಿ ರಾಗಿಯ ಹೊಲಕ್ಕೆ ರಾಗಿಗೆ ಸಂಬಂಧವಿಲ್ಲದ ಬೆಲೆಯನ್ನು ತಂದುಕೊಟ್ಟಿವೆ. ನೆಲವನ್ನು ನೆಲವೆಂದು ಮಾರಿದರೆ ಸಿಕ್ಕುವ ಲಾಭ ಒಂದು. ಅದರ ಮೇಲೆ ಬಿಳಿಯ ಪ್ಲಾಸ್ಟಿಕ್ಕನ್ನು ಹೊದಿಸಿ ‘ವರಮಾನ’ವೆಂದು ಮಾರಿದರೆ ಸಿಕ್ಕುವ ಲಾಭ ಅದಕ್ಕಿಂತ ಬಹಳ ದೊಡ್ಡದು.

ಹಸಿರುಮನೆ ಕೆಟ್ಟದ್ದೆಂದು ಯಾರೂ ತಪ್ಪಾಗಿ ತಿಳಿಯಬಾರದು. ತಾನೇ ನಿಂತು ದುಡಿಯತಕ್ಕ ರೈತನ ಕೈಯಲ್ಲಿ ಅದು ಒಳ್ಳೆಯ ಉಪಕರಣ. ಹಿರೇಹಳ್ಳಿಯಲ್ಲಿ ತೋಟಗಾರಿಕೆ ಸಂಶೋಧನೆಯ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಹಣ ಕಟ್ಟುವ ಮುನ್ನ ಅಲ್ಲಿಗೆ ಒಮ್ಮೆ ಹೋಗಿ ಬರುವ ಬಸ್ಸಿನ ಖರ್ಚು ಹೆಚ್ಚಿನದಲ್ಲ. ಹಸಿರುಮನೆಯೆಂದರೆ ಗಾಜಿನ ಮನೆಯಲ್ಲ. ಸತುವು ಲೇಪಿಸಿದ ಕಬ್ಬಿಣದ ಕೊಳವೆಗಳ ಚೌಕಟ್ಟಿನ ಮೇಲೆ ೨೦೦ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ಕಿನ ಹೊದಿಕೆ. ಆ ಹೊದಿಕೆ ಮೂರು ನಾಲ್ಕು ವರ್ಷಗಳಲ್ಲಿ ಮಬ್ಬಾಗಿ ಹರಿಯುತ್ತದೆ, ಬದಲಾಯಿಸಲೇ ಬೇಕು. ಏಪ್ರಿಲ್ ಮೇ ತಿಂಗಳ ಮುಂಗಾರುಪೂರ್ವದ ಬಿರುಗಾಳಿ ನಮ್ಮ ಸೀಮೆಯಲ್ಲಿ ಹೇಗೆ ಬೀಸುತ್ತದೆಂಬುದನ್ನು ಅಡಕೆ ತೆಂಗಿನ ತೋಟದವರನ್ನು ಕೇಳಬೇಕು. ಒಂದು ಸಂಜೆಯ ಗಾಳಿಗೆ ಹೊದಿಕೆಯೆಲ್ಲ ಬೇಲಿಯ ಮೇಲೆ ಒಣಗಹಾಕಿದ ಸೀರೆಯಂತಾಗುವುದುಂಟು. ಫಸಲ್ ಬಿಮಾ ಯೋಜನೆಯ ರಕ್ಷಣೆ ಬೆಳೆಗೇ ಹೊರತು ಚೌಕಟ್ಟಿಗಲ್ಲ. ಚೌಕಟ್ಟಿಗೆ ಬೇರೆ ವಿಮೆ ಮಾಡಿಸಬೇಕು. ಅದರ ಕಂತನ್ನು ಕಟ್ಟುವವರು ಯಾರೆಂಬುದು ಆ ಪುಸ್ತಿಕೆಯಲ್ಲಿ ಎಲ್ಲಿಯೂ ಕಾಣಲಿಲ್ಲ.

ಒಳಗಿನ ಕಷ್ಟ ಬೇರೆ. ಬೇಸಗೆಯಲ್ಲಿ ಹಸಿರುಮನೆಯ ಒಳಗಡೆ ಹೊರಗಿಗಿಂತ ಹಲವು ಡಿಗ್ರಿ ಹೆಚ್ಚು ಕಾವು. ಮಂಜಿನಂತೆ ನೀರು ಸಿಂಪಡಿಸುವ ಯಂತ್ರ ನಡೆಯಬೇಕಾದರೆ ವಿದ್ಯುಚ್ಛಕ್ತಿ ಬೇಕು. ಹಳ್ಳಿಯ ಪಂಪ್‌ಸೆಟ್ಟಿಗೆ ದಿನಕ್ಕೆ ೭ ಗಂಟೆ ಮೂರು ಫೇಸಿನ ಕರೆಂಟು ಎಂಬುದು ಸರ್ಕಾರದ ಮಾತು. ಆ ಏಳು ಗಂಟೆ ಯಾವ ಹೊತ್ತಿನಲ್ಲಿ ಬರುತ್ತದೆಂಬುದು ರೈತನಿಗೇ ಗೊತ್ತು. ಒಂದೇ ನೆಲದಲ್ಲಿ ಮೇಲಿಂದ ಮೇಲೆ ದೊಣ್ಣೆ ಮೆಣಸಿನಕಾಯಿಯನ್ನೋ ಸೌತೆಯನ್ನೋ ಬೆಳೆದರೆ ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳು ಸೇರುತ್ತದೆ. ಮಳೆಗಾಳಿಯಿಲ್ಲದ ಆ ಬೆಚ್ಚನೆಯ ಮಣ್ಣು ಅದಕ್ಕೆ ತವರುಮನೆ. ಒಮ್ಮೆ ಸೇರಿತೆಂದರೆ ತೊಲಗಿಸುವುದು ಬಲು ಕಷ್ಟ. ಥ್ರಿಪ್ಸು ನುಸಿಗಳ ಬಾಧೆ ಇದ್ದೇ ಇದೆ. ದಿನಕ್ಕೆರಡು ಸಲ ಎಲೆಯನ್ನು ಮಗುಚಿ ನೋಡುವ ಕಣ್ಣು ಅಲ್ಲಿರಬೇಕು. ಇದು ಸಂಬಳಕ್ಕೆ ನಿಂತ ಕಾವಲುಗಾರನ ಕೆಲಸವಲ್ಲ.

ಇನ್ನು ಲೆಕ್ಕ. ಅಧಿಕಾರಿಗಳೂ ವರ್ತಕರೂ ಆದ ನಮ್ಮ ವಾಚಕರು ಲೆಕ್ಕದಲ್ಲಿ ನಮಗಿಂತ ನಿಪುಣರು. ಆದರೂ ಪುಸ್ತಿಕೆಯ ಬಣ್ಣ ನೋಡುವಾಗ ಲೆಕ್ಕ ಮರೆತುಹೋಗುವುದು ಸಹಜ. ಕೇಂದ್ರ ಸರ್ಕಾರದ ತೋಟಗಾರಿಕಾ ಮಿಷನ್ನಿನವರು ೨೦೧೪ರಲ್ಲಿ ಗೊತ್ತುಮಾಡಿದ ದರದಂತೆ, ಸ್ವಾಭಾವಿಕ ಗಾಳಿಯಾಡುವ ೪೦೦೦ ಚದರ ಮೀಟರಿನ ಹಸಿರುಮನೆಗೆ ಚದರ ಮೀಟರಿಗೆ ೮೪೪ ರೂಪಾಯಿ, ಒಟ್ಟು ೩೩,೭೬,೦೦೦ ರೂಪಾಯಿ ಖರ್ಚು. ಅದರಲ್ಲಿ ಅರ್ಧ ಸಹಾಯಧನ. ನಾಲ್ಕು ಸಾವಿರ ಚದರ ಮೀಟರೆಂದರೆ ಹೆಚ್ಚುಕಡಮೆ ಒಂದು ಎಕರೆ, ಅಂದರೆ ೪೦ ಗುಂಟೆ. ಇಂದು ಕಬ್ಬಿಣದ ಬೆಲೆ ಏರಿದೆಯೆನ್ನೋಣ. ಆ ಗೃಹಸ್ಥರ ಕಂಪೆನಿಯಾದರೋ ಎಕರೆಯಲ್ಲಿ ೮ ತುಂಡುಗಳನ್ನು ಮಾಡಿ ೬೪ ಲಕ್ಷ ರೂಪಾಯಿ ಎತ್ತುತ್ತದೆ. ನೂರಕ್ಕೆ ೨೪ರಂತೆ ವರ್ಷಕ್ಕೆ ೧೫,೩೬,೦೦೦ ರೂಪಾಯಿಯನ್ನು ಕೊಂಡವರಿಗೆ ಹಂಚಬೇಕು.

ಈಗ ಬೆಳೆಯನ್ನು ನೋಡೋಣ. ಚೆನ್ನಾಗಿ ಸಾಕಿದ ಬಣ್ಣದ ದೊಣ್ಣೆ ಮೆಣಸಿನಕಾಯಿ ಹಸಿರುಮನೆಯಲ್ಲಿ ಎಕರೆಗೆ ೩೦ರಿಂದ ೪೦ ಟನ್ನು ಬರುತ್ತದೆ. ೩೫ ಟನ್ನೆಂದು ಹಿಡಿಯೋಣ. ವರ್ಷದ ಸರಾಸರಿ ಬೆಲೆ ಕಿಲೋಗೆ ೩೦ ರೂಪಾಯಿ ಸಿಕ್ಕಿತೆಂದು ಭಾವಿಸಿದರೆ ಒಟ್ಟು ಹುಟ್ಟುವಳಿ ೧೦,೫೦,೦೦೦ ರೂಪಾಯಿ. ೪೦ ರೂಪಾಯಿಯೇ ಸಿಕ್ಕಲಿ, ೧೪ ಲಕ್ಷ. ಸಸಿ, ಗೊಬ್ಬರ, ಔಷಧಿ, ಆಳಿನ ಕೂಲಿ, ಪೆಟ್ಟಿಗೆ, ಲಾರಿ ಬಾಡಿಗೆ, ಮಂಡಿಯ ಕಮಿಷನ್ನು, ಇವೊಂದನ್ನೂ ಕಳೆಯದೆ ಇರುವ ಮೊತ್ತವಿದು. ಖರ್ಚೇ ಇಲ್ಲದೆ ಬೆಳೆದರೂ ಹದಿನೈದೂವರೆ ಲಕ್ಷಕ್ಕೆ ಮುಟ್ಟುವುದಿಲ್ಲ. ಬೆಲೆ ಒಮ್ಮೊಮ್ಮೆ ನೂರು ರೂಪಾಯಿಯ ಆಚೆಗೂ ಹೋಗುವುದುಂಟು ನಿಜ. ಹದಿನೈದಿಪ್ಪತ್ತಕ್ಕೆ ಇಳಿಯುವುದೂ ಉಂಟು. ೨೦೨೦ರ ಮಾರ್ಚಿಯಲ್ಲಿ ದೇಶಕ್ಕೆ ಬೀಗ ಬಿದ್ದಾಗ ಹಸಿರುಮನೆಯ ಜರ್ಬೆರಾ ಗುಲಾಬಿಗಳನ್ನು ಬೆಂಗಳೂರಿನ ಸುತ್ತಲಿನ ರೈತರು ಗೊಬ್ಬರದ ಗುಂಡಿಗೆ ಸುರಿದದ್ದನ್ನು ಮರೆತವರಿಲ್ಲ. ಬೆಳೆ ಹೀಗೆ ಏರಿಳಿಯುವಾಗ ತಿಂಗಳ ಮೊಬಲಗು ಮಾತ್ರ ಏರಿಳಿಯದೆ ಬರುತ್ತಿದ್ದರೆ, ಅದು ಮೆಣಸಿನಕಾಯಿಯಿಂದ ಬರುತ್ತಿಲ್ಲವೆಂದೇ ಅರ್ಥ. ಮುಂದಿನ ಎಕರೆಯನ್ನು ಕೊಂಡವರ ಹಣದಿಂದ ಬರುತ್ತಿರುತ್ತದೆ. ಮುಂದೆ ಕೊಳ್ಳುವವರು ನಿಂತ ತಿಂಗಳು ಅದೂ ನಿಲ್ಲುತ್ತದೆ.

ನೀರಿನ ಮಾತನ್ನು ಬಿಟ್ಟರೆ ಗುಬ್ಬಿ ಕುಣಿಗಲಿನ ವಿಷಯ ಬರೆದಂತಾಗುವುದಿಲ್ಲ. ಎಕರೆ ಹಸಿರುಮನೆಗೆ ಚದರ ಮೀಟರಿಗೆ ದಿನಕ್ಕೆ ಮೂರು ಲೀಟರಿನಂತೆ ಹಿಡಿದರೂ ೧೨,೦೦೦ ಲೀಟರು ಬೇಕು. ಒಂಬತ್ತು ತಿಂಗಳ ಬೆಳೆಗೆ ಮೂವತ್ತೆರಡು ಲಕ್ಷ ಲೀಟರಿನ ಸುಮಾರು. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೬೫೦ ಮಿಲಿಮೀಟರು ಮಳೆ. ಮಾಡಿನ ಮೇಲೆ ಬಿದ್ದ ಒಂದು ಹನಿಯನ್ನೂ ಚೆಲ್ಲದೆ ಹಿಡಿದರೆ ೨೬ ಲಕ್ಷ ಲೀಟರು. ಆದ್ದರಿಂದ ಪ್ರಾಮಾಣಿಕನಾದ ಹಸಿರುಮನೆಯ ರೈತ ಪಕ್ಕದಲ್ಲಿಯೇ ದೊಡ್ಡ ಕೃಷಿಹೊಂಡವನ್ನು ತೋಡಿಸುತ್ತಾನೆ. ಹೊಂಡಕ್ಕೆ ಹೋದ ನೆಲ ಮಾರಾಟಕ್ಕೆ ಬಾರದು. ತುಂಡು ಮಾರತಕ್ಕವರ ನಕ್ಷೆಯಲ್ಲಿ ಹೊಂಡವಿರದೆ ಈಜುಕೊಳವಿರುವುದು ಇದರಿಂದಲೇ ಇರಬೇಕು! ಉಳಿದದ್ದು ಕೊಳವೆ ಬಾವಿ. ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಿದ ೨೦೨೩ರ ವರ್ಷದಲ್ಲಿ ಕೊಳವೆ ಬಾವಿಗಳ ಪಾಡೇನಾಯಿತೆಂಬುದನ್ನು ಹಳ್ಳಿಯ ನೆಂಟರಿದ್ದವರೆಲ್ಲ ಬಲ್ಲರು. ಹೇಮಾವತಿಯ ನೀರನ್ನು ಗುಬ್ಬಿ ತಾಲ್ಲೂಕಿನಿಂದಲೇ ಕೊಳವೆಯಲ್ಲಿ ಕುಣಿಗಲಿನ ಕಡೆಗೆ ಒಯ್ಯತಕ್ಕ ಎಕ್ಸ್‌ಪ್ರೆಸ್ ಕಾಲುವೆಯ ಕಾಮಗಾರಿಯನ್ನು ವಿರೋಧಿಸಿ ೨೦೨೫ರ ಮೇ ತಿಂಗಳ ಕೊನೆಯಲ್ಲಿ ಗುಬ್ಬಿಯ ರೈತರು ಬೀದಿಗಿಳಿದದ್ದು ಇನ್ನೂ ಹಸಿಯಾದ ಸಂಗತಿ. ಕುಣಿಗಲಿನವರು ತಮ್ಮ ಪಾಲು ತಮಗೆ ಸಲ್ಲಲೆನ್ನುತ್ತಾರೆ. ಗುಬ್ಬಿಯವರು ತಮ್ಮ ಕೆರೆಗಳು ಬರಿದಾಗುತ್ತವೆನ್ನುತ್ತಾರೆ. ಆ ವ್ಯಾಜ್ಯದ ನ್ಯಾಯಾನ್ಯಾಯ ಇಂದಿನ ವಿಷಯವಲ್ಲ. ಒಂದೇ ಹೊಳೆಯ ನೀರಿಗೆ ನೆರೆಹೊರೆಯ ಎರಡು ತಾಲ್ಲೂಕುಗಳು ಜಗ್ಗಾಡುತ್ತಿರುವಲ್ಲಿ, ಎರಡು ಕಡೆಯೂ ‘ಸಮೃದ್ಧ ಜಲಾಶ್ರಯ’ವುಂಟೆಂದು ಒಂದೇ ಪುಸ್ತಿಕೆಯಲ್ಲಿ ಅಚ್ಚು ಮಾಡಿಸುವ ಧೈರ್ಯಕ್ಕೆ ಮೆಚ್ಚಬೇಕು.

“ಏನಾದರೂ ಆಗಲಿ, ನೆಲವಂತೂ ಉಳಿಯುತ್ತದಲ್ಲ ಸ್ವಾಮಿ” ಎಂದರು ಆ ಗೃಹಸ್ಥರು. ಈ ಮಾತಿಗೇ ಬಹುಮಂದಿ ಮರುಳಾಗುವುದು. ಮೊದಲನೆಯದಾಗಿ, ಎಂಟು ಲಕ್ಷದಲ್ಲಿ ನೆಲಕ್ಕೆಂದು ಕ್ರಯಪತ್ರದಲ್ಲಿ ಬರೆಯುವ ಮೊತ್ತ ಅಲ್ಪ; ಉಳಿದದ್ದು ಚೌಕಟ್ಟಿನ ಬೆಲೆ, ‘ನಿರ್ವಹಣೆ’ ಎಂದು ಬೇರೊಂದು ಕರಾರಿನಲ್ಲಿ ಹೋಗುತ್ತದೆ. ಆ ಕರಾರಿಗೆ ಯಾವ ಆಧಾರವೂ ಇಲ್ಲ. ಎರಡನೆಯದಾಗಿ, ಐದು ಗುಂಟೆಗೆ ದಾರಿಯಿಲ್ಲ, ಬಾವಿಯಿಲ್ಲ, ಪಂಪಿಲ್ಲ. ಇವೆಲ್ಲ ಕಂಪೆನಿಯವು, ಬಾಗಿಲ ಬೀಗದ ಕೈಯೂ ಅವರದೇ. ಕಂಪೆನಿ ಬಾಗಿಲು ಹಾಕಿದ ಮರುದಿನ ಆ ನಡುಹೊಲದ ತುಂಡನ್ನು ಕೊಳ್ಳಲು ಪಕ್ಕದ ಹಳ್ಳಿಯ ರೈತನೂ ಬರಲಾರ.

ಮೂರನೆಯದು ಹಕ್ಕಿನ ಮಾತು. ಸಬ್ ರಿಜಿಸ್ಟ್ರಾರರ ಮೊಹರು ಬಿದ್ದರೆ ಹಕ್ಕು ಸಿದ್ಧಿಸಿತೆಂದು ಪೇಟೆಯವರ ಭಾವನೆ. ೧೯೦೮ರ ನೋಂದಣಿ ಕಾಯಿದೆಯಂತೆ ಅವರು ನೋಂದಾಯಿಸುವುದು ಪತ್ರವನ್ನು; ಮಾರಿದವನಿಗೆ ಹಕ್ಕಿತ್ತೋ ಇಲ್ಲವೋ ಎಂಬುದಕ್ಕೆ ಸರ್ಕಾರ ಜಾಮೀನು ನಿಲ್ಲುವುದಿಲ್ಲ. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವುದಾದರೆ ೧೧-ಇ ನಕ್ಷೆ ಆಗಿರಬೇಕು. ಅದಿಲ್ಲದೆ ‘ಅವಿಭಜಿತ ಪಾಲು’ ಎಂದು ಬರೆದುಕೊಟ್ಟರೆ ನಿಮ್ಮ ತುಂಡು ಯಾವುದೆಂದು ದೇವರೇ ಬಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಆ ಜಮೀನು ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೋ ಎಂಬುದು. ಹಾಗಿದ್ದು, ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೈಬದಲಾಗಿದ್ದರೆ, ೧೯೭೮ರ ಕಾಯಿದೆಯ ಪ್ರಕಾರ ಮಾರಾಟವೇ ಅಸಿಂಧು. ೨೦೨೩ರ ತಿದ್ದುಪಡಿಯಿಂದ ಕಾಲಮಿತಿಯ ಆಕ್ಷೇಪಣೆಯೂ ನಿಲ್ಲದು. ಜಮೀನು ಮೂಲ ಮಂಜೂರಿದಾರನ ವಾರಸುದಾರರಿಗೆ ಹಿಂದಿರುಗುತ್ತದೆ. ಅದು ನ್ಯಾಯವೇ, ಬಡವನ ಭೂಮಿ ಬಡವನಿಗೆ ಸೇರಬೇಕಾದದ್ದೇ ಸರಿ. ಕೊಂಡವನ ಎಂಟು ಲಕ್ಷಕ್ಕೆ ಮಾತ್ರ ವಾರಸುದಾರರಿಲ್ಲ.

ನಮ್ಮ ಮನೆಯ ಒಂದು ಸಂಗತಿಯನ್ನು ಇಲ್ಲಿ ಹೇಳಿದರೆ ವಾಚಕರು ಕ್ಷಮಿಸಬೇಕು. ೧೯೯೬ರಲ್ಲಿ ನಮ್ಮ ತೀರ್ಥರೂಪರು ಒಂದು ಕಂಪೆನಿಯ ಐದು ತೇಗದ ಗಿಡಗಳನ್ನು ಗಿಡಕ್ಕೆ ಸಾವಿರದಂತೆ ಕೊಂಡಿದ್ದರು. ಇಪ್ಪತ್ತು ವರ್ಷಕ್ಕೆ ಗಿಡವೊಂದು ಐವತ್ತು ಸಾವಿರವಾಗುವುದೆಂದು ದಪ್ಪ ಕಾಗದದ ಪ್ರಮಾಣಪತ್ರದಲ್ಲಿ ಅಚ್ಚಾಗಿತ್ತು. ಗಿಡಗಳಿಗೆ ನಂಬರು ಕೂಡ ಇತ್ತು. ಅವರು ಕಾಲವಾದ ಮೇಲೆ ನಾವು ಆ ವಿಳಾಸವನ್ನು ಹುಡುಕಿಕೊಂಡು ಹೋದೆವು. ಲಂಟಾನದ ಪೊದೆಯ ನಡುವೆ ನಂಬರಿನ ತಗಡೊಂದು ಸಿಕ್ಕಿತು, ಗಿಡ ಸಿಕ್ಕಲಿಲ್ಲ. ಕಂಪೆನಿಯ ಹೆಸರು ಬೇಡ. ಅಂಥವು ಆ ಕಾಲದಲ್ಲಿ ನೂರಾರಿದ್ದವು. ಅವುಗಳ ಪೈಕಿ ಲೋಕಪ್ರಸಿದ್ಧವಾದ ಚೆನ್ನೈನ ಅನುಭವ್ ಪ್ಲಾಂಟೇಷನ್ಸ್ ೧೯೯೮ರಲ್ಲಿ ಬಿತ್ತು.

ತೇಗದ ಬಳಿಕ ಎಮು ಹಕ್ಕಿ ಬಂತು. ಪೆರುಂದುರೈಯ ಸುಸಿ ಎಮು ಫಾರ್ಮ್ಸ್ ೨೦೧೨ರಲ್ಲಿ ಕುಸಿದಾಗ ಹಕ್ಕಿಗಳಿಗೆ ಮೇವು ಹಾಕುವವರೇ ಇಲ್ಲದಾಯಿತು. ಹೊಲದ ನಿವೇಶನ ಕೊಡುವೆವೆಂದು ಆಂಧ್ರ, ತೆಲಂಗಾಣ, ನಮ್ಮ ಕರ್ನಾಟಕ ಮೊದಲಾದೆಡೆ ಹಣವೆತ್ತಿದ ವಿಜಯವಾಡದ ಅಗ್ರಿ ಗೋಲ್ಡ್ ಸಂಸ್ಥೆಯಲ್ಲಿ ಸಿಕ್ಕಿಬಿದ್ದವರು ೩೨ ಲಕ್ಷ ಮಂದಿ, ಮೊತ್ತ ಸುಮಾರು ೬,೩೮೦ ಕೋಟಿ ರೂಪಾಯಿ ಎಂದು ಜಾರಿ ನಿರ್ದೇಶನಾಲಯದವರೇ ಹೇಳಿದ್ದಾರೆ. ಎಲ್ಲಕ್ಕೂ ಹಿರಿಯಣ್ಣನಾದದ್ದು ಪರ್ಲ್ಸ್ ಸಮೂಹದ ಪಿ.ಎ.ಸಿ.ಎಲ್. ಬೇಸಾಯದ ಭೂಮಿಯನ್ನು ಕೊಂಡು ಅಭಿವೃದ್ಧಿಪಡಿಸಿಕೊಡುವುದಾಗಿ ೫.೮೫ ಕೋಟಿ ಜನರಿಂದ ೪೯,೧೦೦ ಕೋಟಿ ರೂಪಾಯಿಯನ್ನು ಸಂಗ್ರಹಿಸಿತ್ತು. ಅದನ್ನು ಹಿಂದಿರುಗಿಸಬೇಕೆಂದು ೨೦೧೪ರ ಆಗಸ್ಟಿನಲ್ಲಿ ಆಜ್ಞೆಯಾಯಿತು. ೨೦೧೬ರಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಲೋಧಾ ಅವರ ಸಮಿತಿಯನ್ನು ನೇಮಿಸಿತು. ಸಣ್ಣ ಮೊತ್ತದವರಿಗೆ ಮೊದಲು ಎಂದು ಸಮಿತಿ ಆರಂಭಿಸಿತು. ದೊಡ್ಡ ಮೊತ್ತದವರು ವರ್ಷಾನುವರ್ಷ ಕಾದರು. ಈ ಎಲ್ಲ ಕಡೆಗಳಲ್ಲಿಯೂ ನೆಲ ಇತ್ತು, ಗಿಡ ಇತ್ತು, ಹಕ್ಕಿ ಇತ್ತು. ಇಲ್ಲದಿದ್ದದ್ದು ವಾಗ್ದಾನ ಮಾಡಿದ ವರಮಾನಕ್ಕೆ ಬೇಕಾದಷ್ಟು ಹುಟ್ಟುವಳಿ.

ಕಾನೂನು ಈ ವಿಷಯದಲ್ಲಿ ಮಂಕಾಗಿಲ್ಲ. ಸೆಬಿ ಎಂಬ ಷೇರುಪೇಟೆಯ ನಿಯಂತ್ರಣ ಮಂಡಳಿಯ ಕಾಯಿದೆಗೆ ೧೯೯೯ರಲ್ಲಿ ೧೧-ಎಎ ಎಂಬ ಪ್ರಕರಣವನ್ನು ಸೇರಿಸಿದರು. ಹಲವರ ಹಣವನ್ನು ಕೂಡಿಸುವುದು, ಲಾಭವೋ ಹುಟ್ಟುವಳಿಯೋ ಬರುವುದೆಂದು ಅವರು ಕೊಡುವುದು, ಅವರ ಪರವಾಗಿ ಬೇರೊಬ್ಬರು ನಿರ್ವಹಿಸುವುದು, ದೈನಂದಿನ ಆಡಳಿತ ಹಣ ಕೊಟ್ಟವರ ಕೈಯಲ್ಲಿಲ್ಲದಿರುವುದು, ಈ ನಾಲ್ಕೂ ಕೂಡಿದರೆ ಅದು ಸಾಮೂಹಿಕ ಹೂಡಿಕೆ ಯೋಜನೆ. ಸೆಬಿಯ ನೋಂದಣಿಯಿಲ್ಲದೆ ಅದನ್ನು ನಡೆಸಕೂಡದು. “ನಾವು ಮಾರುವುದು ಭೂಮಿ, ಕ್ರಯಪತ್ರವನ್ನೇ ಮಾಡಿಕೊಡುತ್ತೇವೆ” ಎಂದು ಪರ್ಲ್ಸಿನವರೂ ವಾದಿಸಿದ್ದರು. ೨೦೧೩ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿ ಪ್ರಕರಣವನ್ನು ಎತ್ತಿಹಿಡಿಯಿತು. ಮಣ್ಣು ಮುಟ್ಟಬೇಕಾಗಿಲ್ಲವೆಂದು ಯಾವ ಪುಸ್ತಿಕೆ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆಯೋ ಅದು ನಾಲ್ಕನೆಯ ಲಕ್ಷಣವನ್ನು ತಾನೇ ಒಪ್ಪಿಕೊಂಡಂತಾಯಿತು. ಇದಲ್ಲದೆ ಠೇವಣಿದಾರರ ಹಿತರಕ್ಷಣೆಗೆ ೨೦೦೪ರ ರಾಜ್ಯದ ಕಾಯಿದೆಯೂ, ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ ೨೦೧೯ರ ಕೇಂದ್ರದ ಕಾಯಿದೆಯೂ ಇವೆ. ಆದರೆ ೨೦೧೯ರಲ್ಲಿ ಬೆಂಗಳೂರಿನ ಐ.ಎಂ.ಎ. ಬಿದ್ದಾಗ ಕಂಡಂತೆ, ಕಾಯಿದೆ ಬರುವುದು ಹಣ ಹೋದ ಮೇಲೆ, ಆಸ್ತಿಯನ್ನು ಜಪ್ತಿ ಮಾಡುವುದಕ್ಕೆ.

ತೆರಿಗೆಯಿಲ್ಲವೆಂಬ ಆಸೆಯ ವಿಷಯದಲ್ಲಿ ಒಂದೇ ಮಾತು. ಚಹಾ ತೋಟದ ಕಂಪೆನಿಯಿಂದ ಬಂದ ಲಾಭಾಂಶ ವ್ಯವಸಾಯದ ಆದಾಯವೇ ಎಂಬ ಪ್ರಶ್ನೆ ೧೯೫೪ರಷ್ಟು ಹಿಂದೆಯೇ ಬಚ್ಚಾ ಗಜ್ದರ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿಗೆ ಬಂದಿತ್ತು. ಬೆಳೆಯುವುದು ಕಂಪೆನಿ, ಷೇರುದಾರನಿಗೆ ಬರುವುದು ಹೂಡಿದ ಹಣದ ಫಲ, ಅದು ವ್ಯವಸಾಯದ ಆದಾಯವಲ್ಲ ಎಂದು ತೀರ್ಪಾಯಿತು. ಬೆಳೆ ಬಂದರೂ ಬಾರದಿದ್ದರೂ ಗೊತ್ತಾದ ಮೊಬಲಗನ್ನು ಎಣಿಸಿಕೊಳ್ಳುವವನು ತಾನು ರೈತನೆಂದು ತೆರಿಗೆಯ ಅಧಿಕಾರಿಯ ಮುಂದೆ ಹೇಗೆ ಹೇಳುವನೋ ನಾವರಿಯೆವು. ಸರ್ಕಾರಿ ನೌಕರರಿಗಂತೂ ಸ್ಥಿರಾಸ್ತಿಯ ವ್ಯವಹಾರವನ್ನು ಮೇಲಧಿಕಾರಿಗಳಿಗೆ ತಿಳಿಸಬೇಕಾದ ನಡತೆಯ ನಿಯಮವೊಂದುಂಟು. ಅದನ್ನು ಅವರಿಗೆ ನೆನಪಿಸುವುದು ಅಧಿಕಪ್ರಸಂಗವಾದೀತು.

ಪೇಟೆಯ ಹಣ ಹಳ್ಳಿಗೆ ಹೋಗಬಾರದೆಂದು ನಮ್ಮ ಮತವಲ್ಲ, ಹೋಗಬೇಕು. ೧೯೦೫ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದಂದಿನಿಂದ ನಾಡಿನಲ್ಲಿ ಅದಕ್ಕೊಂದು ದಾರಿಯಿದೆ: ಸದಸ್ಯನು ಲೆಕ್ಕದ ಪುಸ್ತಕವನ್ನು ತೆರೆಸಿ ನೋಡಬಹುದಾದ, ಸಾಲ ತೆಗೆದುಕೊಂಡವನು ಕಣ್ಣೆದುರಿಗಿರುವ ದಾರಿ. ಅದೂ ಎಲ್ಲ ಕಡೆ ನೆಟ್ಟಗೆ ನಡೆದಿಲ್ಲವೆಂಬುದನ್ನು ಒಪ್ಪುತ್ತೇವೆ. ಆದರೆ ಹಸಿರುಮನೆಯ ತುಂಡಿನಲ್ಲಿ ರೈತನಿಗೆ ಸಂದದ್ದೇನು? ಹೊಲವನ್ನು ಮಾರಿದವನು ಅದೇ ಹೊಲದಲ್ಲಿ ಕೂಲಿಗೆ ನಿಲ್ಲುತ್ತಾನೆ; ಅಕ್ಕಪಕ್ಕದ ಬಾವಿಗಳ ನೀರು ಇಳಿಯುತ್ತದೆ; ಕಂಪೆನಿ ಹೋದ ಮೇಲೆ ಹರಿದ ಪ್ಲಾಸ್ಟಿಕ್ಕು ಕೆರೆಯ ಕೋಡಿಯನ್ನು ಸೇರುತ್ತದೆ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಕಳೆದ ಎರಡು ವರ್ಷಗಳಲ್ಲಿ ಇಂಥ ಜಾಹೀರಾತುಗಳು ಈ ಪತ್ರಿಕೆಯಲ್ಲಿ ಹಲವು ಸಲ ಪ್ರಕಟವಾಗಿವೆ. ಅಚ್ಚಾಗುವ ಮುನ್ನ ನಾವು ನೋಡಿದ್ದು ಅಳತೆಯನ್ನೂ ದರವನ್ನೂ ಮಾತ್ರ. ಅದನ್ನು ನೋಡಿ ಹಣ ಕಟ್ಟಿದ ಕುಣಿಗಲಿನ ಒಬ್ಬ ವಿಶ್ರಾಂತ ಉಪಾಧ್ಯಾಯರು ಈಚೆಗೆ ನಮಗೆ ಬರೆದಿದ್ದಾರೆ. ಏಳು ತಿಂಗಳು ಮೊಬಲಗು ಬಂತಂತೆ, ಆಮೇಲೆ ಬರಲಿಲ್ಲವಂತೆ. “ನಿಮ್ಮ ಪತ್ರಿಕೆಯಲ್ಲಿ ಬಂದಿದ್ದರಿಂದ ನಂಬಿದೆ” ಎಂಬ ಅವರ ವಾಕ್ಯಕ್ಕೆ ಉತ್ತರವನ್ನು ಬರೆಯಲು ಕುಳಿತು ನಾಲ್ಕು ಸಲ ಹರಿದುಹಾಕಿದ್ದೇವೆ. ಅಂಥ ಜಾಹೀರಾತನ್ನು ಇನ್ನು ಮುಂದೆ ಈ ಕಚೇರಿಯಲ್ಲಿ ಮೂರು ಉತ್ತರಗಳಿಲ್ಲದೆ ಅಂಗೀಕರಿಸುವುದಿಲ್ಲ. ಸೆಬಿಯ ನೋಂದಣಿಯ ಸಂಖ್ಯೆ ಯಾವುದು? ತುಂಡಿನ ಸರ್ವೆ ನಂಬರೂ, ೧೧-ಇ ನಕ್ಷೆಯೂ, ಮೂಲ ಮಂಜೂರಾತಿಯ ವಿವರವೂ ಏನು? ಕಳೆದ ವರ್ಷ ಯಾವ ಮಂಡಿಗೆ ಎಷ್ಟು ಟನ್ನು ಮಾಲು ಹೋಯಿತು, ಪಟ್ಟಿಯೆಲ್ಲಿ?

ನಾವು ಚೀಟಿಯಲ್ಲಿ ಬರೆದುಕೊಟ್ಟದ್ದೂ ಇವನ್ನೇ. ಗೃಹಸ್ಥರು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಯಜಮಾನರನ್ನು ಕೇಳಿಕೊಂಡು ಸೋಮವಾರ ಬರುವೆನೆಂದು ಹೇಳಿ ಹೋದರು. ಅಂದಿನಿಂದ ಐದು ಸೋಮವಾರಗಳು ಕಳೆದಿವೆ. ಅವರು ಬಿಟ್ಟುಹೋದ ಬಣ್ಣದ ಪುಸ್ತಿಕೆ ನಮ್ಮ ಮೇಜಿನ ಮೇಲೆಯೇ ಇದೆ.